ಅಲ್ಬೊರಾದಾ ಟಾಕೀಸಿನ ಹದಿನೈದು ದಿನ

ಟಪ್.

ಮಡಚಿಕೊಳ್ಳುವ ಮರದ ಸೀಟನ್ನು ಕೆಳಕ್ಕೆ ಒತ್ತಿ ಕೈಬಿಟ್ಟರೆ ಅದು ಮೇಲಕ್ಕೆ ಹಾರಿ ಬೆನ್ನುಹಲಗೆಗೆ ಬಡಿಯುತ್ತದಲ್ಲ, ಆ ಸದ್ದು. ನೆಲಿದಾ ಬರ್ಸೋಲಾ ಆ ಶನಿವಾರ ಬೆಳಗಿನಿಂದ ಅದನ್ನೇ ಕೇಳುತ್ತಿದ್ದಳು. ಸೀಟು ಒತ್ತುವುದು, ಬಿಡುವುದು, ತಲೆ ಓರೆ ಮಾಡಿ ಆಲಿಸುವುದು, ಮುಂದಿನದಕ್ಕೆ ಸರಿಯುವುದು. ಸರಿಯಿದ್ದ ಸೀಟು ಟಪ್ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತದೆ. ಸ್ಕ್ರೂ ಸಡಿಲವಾದದ್ದು ಕೊನೆಯಲ್ಲಿ ಒಂದಿಷ್ಟು ಗೊಣಗುತ್ತದೆ. ಹಲಗೆ ಸೀಳಿದ್ದು ಮೂಗು ಕಟ್ಟಿದವರ ಹಾಗೆ ದಪ್ ಎನ್ನುತ್ತದೆ.

"ಹದಿನಾಲ್ಕನೇ ಸಾಲು, ಆರನೇದು," ಎಂದು ಕೂಗಿದಳು. "ಡಾಕ್ಟ್ರೇ, ಇದರ ಹಲ್ಲು ಅಲ್ಲಾಡ್ತಾ ಇದೆ!"

ನಾಲ್ಕು ಸಾಲು ಹಿಂದೆ ನೆಲದ ಮೇಲೆ ಅಂಗಾತ ಮಲಗಿ ಸ್ಕ್ರೂ ತಿರುವುತ್ತಿದ್ದ ಡಾಕ್ಟರ್ ಕೆಸೆಲ್ಮನ್ ತಲೆ ಎತ್ತಲಿಲ್ಲ. ನಿವೃತ್ತ ದಂತವೈದ್ಯ. "ಬಾಯಿ ತೆಗೆದು ಕೂತಿರೋಕೆ ಹೇಳಿ, ಬಂದೆ," ಎಂದ.

ಮುಂದಿನ ಶನಿವಾರ ಮಧ್ಯಾಹ್ನ ಮೂರಕ್ಕೆ ಮ್ಯಾಟಿನಿ. ಇಪ್ಪತ್ತೆಂಟು ವರ್ಷಗಳ ನಂತರದ ಮೊದಲ ಆಟ. ಬ್ಯೂನಸ್ ಐರಿಸ್ ನಗರದ ಬಾರಾಕಾಸ್ ಬಡಾವಣೆಯ ಅರ್ಧ ಜನ ಅಲ್ಲೇ ಇದ್ದರು. ಯಾರೋ ಏಣಿ ಹತ್ತಿ ಪಾರಿವಾಳದ ಹಿಕ್ಕೆ ಕೆರೆಯುತ್ತಿದ್ದರು, ಯಾರೋ ಪರದೆಗೆ ಹೊಲಿಗೆ ಹಾಕುತ್ತಿದ್ದರು, ಮಾಟೆ ಎಂಬ ಕಹಿಸೊಪ್ಪಿನ ಚಹಾ ತುಂಬಿದ ಸೋರೆಬುರುಡೆ ಬಿಸಿನೀರಿನ ಫ್ಲಾಸ್ಕಿನ ಜೊತೆ ಕೈಯಿಂದ ಕೈಗೆ ದಾಟುತ್ತಿತ್ತು.

ನೆಲಿದಾ ಒಂಬತ್ತನೇ ಸಾಲಿಗೆ ಬಂದಳು. ನಡುದಾರಿಯ ಪಕ್ಕದ ಮೊದಲ ಸೀಟನ್ನು ಮುಟ್ಟದೆ ಎರಡನೆಯದಕ್ಕೆ ಕೈ ಹಾಕಿದಳು.

"ಮೊದಲನೇದು ಬಿಟ್ರಲ್ಲ," ಎಂದ ಕೆಸೆಲ್ಮನ್.

"ಅದು ಸರಿಯಾಗೇ ಇರತ್ತೆ. ಅಂಥವರ ಸೀಟು ಯಾವತ್ತೂ ಕೆಡಲ್ಲ."

ಯಾರ ಸೀಟು ಎಂದು ಕೆಸೆಲ್ಮನ್ ಕೇಳಲಿಲ್ಲ. ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ನೆಲಿದಾ ಅಲ್ಬೊರಾದಾ ಟಾಕೀಸಿಗೆ ಸೇರಿದ್ದು ಇಪ್ಪತ್ತೊಂದನೇ ವಯಸ್ಸಿಗೆ, ಟಾರ್ಚು ಹಿಡಿದು ಸೀಟು ತೋರಿಸುವ ಕೆಲಸಕ್ಕೆ. ದ್ರಾಕ್ಷಾರಸದ ಬಣ್ಣದ ಕೋಟು, ಎರಡು ಸಾಲು ಹಿತ್ತಾಳೆ ಗುಂಡಿ. ಕೆಲಸ ಕಲಿಸಿದ್ದು ಅವಳ ಅಣ್ಣ ಎವಾರಿಸ್ತೊ. ಅವನು ಅದೇ ಟಾಕೀಸಿನ ಆಪರೇಟರ್. ಮೇಲಿನ ಕ್ಯಾಬಿನ್ನಿನಲ್ಲಿ ಎರಡು ಪ್ರೊಜೆಕ್ಟರುಗಳ ನಡುವೆ ಮೂವತ್ತೊಂದು ವರ್ಷ ನಿಂತವನು. "ಟಾರ್ಚು ಬೆನ್ನ ಹಿಂದೆ ಇರ್ಬೇಕು," ಎಂದಿದ್ದ ಮೊದಲ ದಿನ. "ಬೆಳಕು ಬರೋರ ಕಾಲಿಗೆ ಬೀಳ್ಬೇಕು. ನಿನ್ನ ಕಾಲಿಗಲ್ಲ. ನಿನಗೆ ಬೆಳಕು ಬೇಕಾದ್ರೆ ನೀನು ಈ ಕೆಲಸಕ್ಕೆ ಬರ್ಬಾರ್ದಿತ್ತು."

ಅವಳು ಕಲಿತಳು. ನಡುದಾರಿ ಎಲ್ಲಿ ಇಳಿಜಾರಾಗುತ್ತದೆ, ಎಲ್ಲಿ ಮೆಟ್ಟಿಲು ಇದೆ, ಎಲ್ಲಿ ನೆಲಹಾಸು ಸುಕ್ಕುಗಟ್ಟಿದೆ ಎಂದು ಪಾದಗಳು ಬಾಯಿಪಾಠ ಮಾಡಿಕೊಂಡವು. ಇಪ್ಪತ್ತೆರಡು ವರ್ಷ ಅವಳು ಕತ್ತಲೆಯಲ್ಲಿ ನಡೆದಳು, ಬೇರೆಯವರು ಅವಳ ಬೆಳಕಿನಲ್ಲಿ ನಡೆದರು. ಇಬ್ಬರು ಪ್ರೇಮಿಗಳು ಎಷ್ಟೇ ಅಂಟಿ ಕೂತಿದ್ದರೂ ಒಬ್ಬರ ಮುಖಕ್ಕೂ ಟಾರ್ಚು ಬಿಟ್ಟವಳಲ್ಲ. ನಡುದಾರಿಯಲ್ಲಿ ಒಬ್ಬರ ಕಾಲನ್ನೂ ಕತ್ತಲೆಗೆ ಬಿಟ್ಟವಳಲ್ಲ.

ಟಾಕೀಸಿನ ಮಾಲೀಕ ದೊನ್ ಫುಲ್ವಿಯೊ ಸಾಂತಿಲ್ಲಿ. ಶನಿವಾರ ಮ್ಯಾಟಿನಿಗೆ ದೀಪ ಆರಿದ ಮೇಲೆಯೇ ಬರುವುದು ಅವನ ಪದ್ಧತಿ. ಬೆಳಕಿದ್ದಾಗ ಬಂದರೆ ಜನರ ಕೈಕುಲುಕಬೇಕು, ಕಷ್ಟಸುಖ ಕೇಳಬೇಕು. ಅದಕ್ಕೇ ಕತ್ತಲು. ನೆಲಿದಾ ಮುಂದೆ, ಅವನು ಹಿಂದೆ, ಒಂಬತ್ತನೇ ಸಾಲಿನ ಮೊದಲ ಸೀಟಿನವರೆಗೆ. ಬೆಳಕು ಒಂದು ಗೇಣು ಅತ್ತಿತ್ತ ಸರಿದರೆ ಸಾಕು, "ನೆಲಿದಾ, ಲೈಟು," ಎನ್ನುತ್ತಿದ್ದ. ಇಪ್ಪತ್ತೆರಡು ವರ್ಷದಲ್ಲಿ ಅವಳ ಜೊತೆ ಅವನಾಡಿದ ಮಾತು ಬಹುಪಾಲು ಅದೊಂದೇ.

ಎಂಬತ್ತೆಂಟರ ಮಾರ್ಚಿನ ಒಂದು ಸೋಮವಾರ ಕೆಲಸಕ್ಕೆ ಬಂದಾಗ ಷಟರ್ ಇಳಿದಿತ್ತು. ಅದಕ್ಕೊಂದು ಹಲಗೆ ನೇತುಹಾಕಿತ್ತು. "ರಿಪೇರಿಗಾಗಿ ಮುಚ್ಚಿದೆ. ಹದಿನೈದು ದಿನ."

ಟಿಕೆಟು ಹರಿಯುವವನು ಎರಡೇ ದಿನದಲ್ಲಿ ಬೇರೆ ಕೆಲಸ ಹಿಡಿದ. ಮಿಠಾಯಿ ಮಾರುವವಳು ತನ್ನ ತಟ್ಟೆಯನ್ನು ಬಸ್‌ಸ್ಟಾಂಡಿಗೆ ಒಯ್ದಳು. ಎವಾರಿಸ್ತೊ ಮಾತ್ರ ಹಲಗೆಯನ್ನು ನಂಬಿದ. ನಗರದ ಆಚೆ ತುದಿಯ ಒಂದು ಟಾಕೀಸಿನವರು ಕರೆಕಳಿಸಿದಾಗ, "ಹದಿನೈದು ದಿನಕ್ಕೆ ಯಾಕಪ್ಪ ಅಷ್ಟು ದೂರ," ಎಂದ. ದೊನ್ ಫುಲ್ವಿಯೊ ಬರೆದು ಹಾಕಿದ ಮೇಲೆ ಆಯಿತು, ಅವರು ಸುಳ್ಳು ಹೇಳುವ ಮನುಷ್ಯರಲ್ಲ ಎಂದ. ಬೆಳಿಗ್ಗೆ ಹತ್ತಕ್ಕೆ, ಫಿಲಂ ಡಬ್ಬಿಗಳು ಬರುತ್ತಿದ್ದ ಹೊತ್ತಿಗೆ ಸರಿಯಾಗಿ, ಮಡಚುವ ಕುರ್ಚಿಯೊಂದನ್ನು ಹಿಡಿದು ಬಂದು ಎದುರಿನ ಫುಟ್‌ಪಾತಿನಲ್ಲಿ ಮರದಡಿ ಕೂರುತ್ತಿದ್ದ. ಹದಿನೈದು ದಿನ ಆಯಿತು. ಇನ್ನೊಂದು ಹದಿನೈದು ಆಯಿತು.

"ಏನು ಎವಾರಿಸ್ತೊ, ಇವತ್ತು ಯಾವ ಪಿಚ್ಚರ್ರು?" ಎಂದು ಬೀದಿಯವರು ಕೆಣಕುತ್ತಿದ್ದರು.

"ಇವತ್ತು ಬರೀ ಟ್ರೈಲರ್," ಎನ್ನುತ್ತಿದ್ದ.

ಎರಡನೇ ವರ್ಷಕ್ಕೆ ಕೆಣಕುವುದನ್ನು ಬಿಟ್ಟರು. ಮೂರನೇ ವರ್ಷಕ್ಕೆ ಆ ಕಡೆಯ ಫುಟ್‌ಪಾತನ್ನೇ ಬಿಟ್ಟು ನಡೆಯತೊಡಗಿದರು. ನಾಲ್ಕನೇ ಚಳಿಗಾಲದಲ್ಲಿ, ಆ ದೇಶದಲ್ಲಿ ಚಳಿ ಕೊರೆಯುವ ಆಗಸ್ಟಿನ ತುಂತುರಿನಲ್ಲಿ ನೆನೆದು ಕೂತಿದ್ದವನ ಎದೆಗೆ ಶೀತ ಇಳಿಯಿತು. ಒಂದು ವಾರದಲ್ಲಿ ಹೋದ. ಸಾಯುವ ಹಿಂದಿನ ದಿನವೂ ತಂಗಿಯನ್ನು ಕರೆದು, "ಕ್ಯಾಬಿನ್ನಲ್ಲಿ ಸ್ವೆಟರ್ ಇದೆ, ತೆರೆದಾಗ ಹುಳ ಬಿದ್ದಿದೆಯಾ ನೋಡು," ಎಂದಿದ್ದ.

ಮಣ್ಣಿಗೆ ದೊನ್ ಫುಲ್ವಿಯೊ ಬರಲಿಲ್ಲ. ಹೂವಿನ ಚಕ್ರವೊಂದು ಬಂತು. ಅದರ ಪಟ್ಟಿಯ ಮೇಲೆ ಚಿನ್ನದ ಅಕ್ಷರದಲ್ಲಿ "ಅಲ್ಬೊರಾದಾ ಕುಟುಂಬದಿಂದ" ಎಂದಿತ್ತು. ನೆಲಿದಾ ಅದನ್ನು ಗೋರಿಯ ಮೇಲೆ ಇಡಲು ಬಿಡಲಿಲ್ಲ. ಹೊತ್ತು ತಂದು ಟಾಕೀಸಿನ ಷಟರಿಗೆ ತಂತಿಯಿಂದ ಬಿಗಿದಳು. ಹೂ ಕೊಳೆತು, ಹುಲ್ಲು ಉದುರಿ, ತಂತಿಯ ಬಳೆಯೊಂದು ಉಳಿಯುವವರೆಗೂ ಅದು ಅಲ್ಲೇ ಇತ್ತು. ದಾರಿಯಲ್ಲಿ ಹೋಗುವಾಗಲೆಲ್ಲ ಅದು ಎಷ್ಟು ಕೊಳೆತಿದೆ ಎಂದು ನೋಡಿಕೊಂಡು ಹೋಗುತ್ತಿದ್ದಳು. ಬಳಿಕ ಲಾಂಡ್ರಿಯಲ್ಲಿ ಇಸ್ತ್ರಿಗೆ ಸೇರಿದಳು. ಇಪ್ಪತ್ತು ವರ್ಷ ಬೇರೆಯವರ ಅಂಗಿಗಳ ಮೇಲೆ ಬಿಸಿ ಕಬ್ಬಿಣ ಒತ್ತಿದಳು. ಒತ್ತುವಾಗ ಪ್ರತಿ ಅಂಗಿಯೂ ಒಬ್ಬನದೇ ಆಗಿರುತ್ತಿತ್ತು.

ಟಾಕೀಸನ್ನು ಒಡೆದು ಇಪ್ಪತ್ತು ಅಂತಸ್ತಿನ ಕಟ್ಟಡ ಏಳುತ್ತದೆ ಎಂಬ ಸುದ್ದಿ ಬಂದಾಗ ಅವಳಿಗೆ ಅರುವತ್ತೆಂಟು. ಶಾಲೆಯ ಟೀಚರ್ ಮಿರ್ತಾ ಕಂಬಕಂಬಕ್ಕೆ ಚೀಟಿ ಅಂಟಿಸಿದಳು: ಗುರುವಾರ ಸಂಜೆ ಬೇಕರಿಯ ಹಿಂದಿನ ಕೋಣೆಯಲ್ಲಿ ಬಡಾವಣೆಯವರ ಸಭೆ. ಬ್ಯೂನಸ್ ಐರಿಸ್‌ನಲ್ಲಿ ಜನ ಸೇರಲು ಅಷ್ಟು ಸಾಕು. ಒಬ್ಬೊಬ್ಬರೂ ಎದ್ದು ತಾವು ಅಲ್ಬೊರಾದಾದಲ್ಲಿ ಕೊಟ್ಟ ಮೊದಲ ಮುತ್ತಿನ ಕತೆ ಹೇಳಿ ಕಣ್ಣೊರೆಸಿಕೊಂಡರು. ಅವರೆಲ್ಲ ಒಂದು ಟಾಕೀಸನ್ನು ಉಳಿಸಲು ಬಂದಿದ್ದರು. ನೆಲಿದಾ ಬಂದದ್ದು ಒಬ್ಬ ಮನುಷ್ಯನಿಗೆ ಬುದ್ಧಿ ಕಲಿಸಲು. ಕೆಲಸ ಒಂದೇ ಆದ್ದರಿಂದ ಯಾರಿಗೂ ವ್ಯತ್ಯಾಸ ಕಾಣಲಿಲ್ಲ. ಮನೆಮನೆ ಹತ್ತಿ ಸಹಿ ತಂದವಳು ಅವಳು. ಮಳೆಯಲ್ಲಿ ಪಾಲಿಕೆಯ ಮೆಟ್ಟಿಲ ಮೇಲೆ ಕೂತವಳು ಅವಳು. "ನೆಲಿಗೆ ಸಿನಿಮಾ ಅಂದ್ರೆ ಪ್ರಾಣ," ಎಂದು ಮಿರ್ತಾ ಎಲ್ಲರಿಗೂ ಹೇಳಿಕೊಂಡು ಬಂದಳು.

ಆ ಊರಲ್ಲಿ ಒಂದು ರೂಢಿಯಿದೆ. ಅನ್ಯಾಯ ಮಾಡಿ ಯಾವ ಕೋರ್ಟಿಗೂ ಸಿಗದೆ ಆರಾಮಾಗಿರುವವನ ಮನೆ ಮುಂದೆ ಜನ ಪಾತ್ರೆ, ಸೌಟು ಹಿಡಿದು ಹೋಗುತ್ತಾರೆ. ಇಂಥವನು ಇಲ್ಲಿದ್ದಾನೆ ಎಂದು ಅಕ್ಕಪಕ್ಕದವರಿಗೆ ತಿಳಿಯುವ ಹಾಗೆ ಬಡಿಯುತ್ತಾರೆ. ಸಾಂತಿಲ್ಲಿಯ ಮನೆಗೆ ಹೋಗೋಣ ಎಂದದ್ದು ನೆಲಿದಾ, ವಿಳಾಸ ಕೊಟ್ಟದ್ದೂ ನೆಲಿದಾ. ಪಾರ್ಕಿನ ಎದುರು, ಮೂರನೇ ಮಹಡಿ. ನಲವತ್ತು ನಿಮಿಷ ಬಡಿದರು. ಫುಟ್‌ಪಾತಿನ ಮೇಲೆ ಬಿಳಿ ಬಣ್ಣದಲ್ಲಿ "ಟಾಕೀಸು ಕೊಂದವನು ಇಲ್ಲಿ ವಾಸವಾಗಿದ್ದಾನೆ" ಎಂದು ಬರೆದರು. ಕೊನೆಗೆ ಬಾಗಿಲು ತೆರೆದು, ಕೊರಳಲ್ಲಿ ಊಟದ ಕರವಸ್ತ್ರ ಸಿಕ್ಕಿಸಿಕೊಂಡ ಮುದುಕನೊಬ್ಬ ಚಪ್ಪಲಿ ಎಳೆಯುತ್ತ ಹೊರಬಂದ. ಬರೆದದ್ದನ್ನು ನಿಧಾನವಾಗಿ ಓದಿದ.

"ನಾನು ಹಲ್ಲು ಕಿತ್ತಿದ್ದೀನಿ," ಎಂದ. "ಟಾಕೀಸು ಕಿತ್ತ ನೆನಪಿಲ್ಲ."

ಸಾಂತಿಲ್ಲಿ ಆ ಮನೆಯನ್ನು ಆರು ವರ್ಷದ ಹಿಂದೆಯೇ ಮಾರಿ ಹೋಗಿದ್ದ. ಕೊಂಡವನು ಡಾಕ್ಟರ್ ಕೆಸೆಲ್ಮನ್.

"ಇರಿ, ಹೋಗ್ಬೇಡಿ," ಎಂದ ಕೆಸೆಲ್ಮನ್. "ಬಾತ್‌ರೂಮಿನ ಗೋಡೆ ಒಳಗೇ ನೀರು ಸೋರೋದನ್ನ ಹೇಳದೆ ಮಾರಿದ್ದಾನೆ ಬಡ್ಡಿಮಗ. ನಂದೂ ಒಂದು ಪಾತ್ರೆ ಇದೆ." ಮೇಲೆ ಹೋಗಿ ಸೂಪಿನ ಪಾತ್ರೆ ತಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನೆಲಿದಾ ನಗಲಿಲ್ಲ. ಅವಳ ಮುಂಗೈ ಊದಿಕೊಂಡಿತ್ತು. ಎದೆಯಲ್ಲಿ ಕೂಡಿಟ್ಟದ್ದನ್ನೆಲ್ಲ ನಲವತ್ತು ನಿಮಿಷ ಹೊರಗೆ ಸುರಿದಿದ್ದಳು, ಅದು ಬೇರೆಯವನ ಗೋಡೆಗೆ ಬಡಿದು ಬಿದ್ದಿತ್ತು.

ಮುಂದಿನದು ಅಪ್ಪುಗೆ. ಉಳಿಸಬೇಕಾದ ಕಟ್ಟಡದ ಸುತ್ತ ಬಡಾವಣೆಯವರು ಕೈಕೈ ಹಿಡಿದು ನಿಲ್ಲುತ್ತಾರೆ. ಮೂಲೆಯ ಮೇಲಿದ್ದ ಅಲ್ಬೊರಾದಾವನ್ನು ಸುತ್ತಲು ತೊಂಬತ್ತು ಜನ ಬೇಕಿತ್ತು, ಬಂದವರು ಅರುವತ್ತೊಂದು. ಮಧ್ಯದ ಸಂದುಗಳನ್ನು ಸ್ಕಾರ್ಫು, ಏಪ್ರನ್ನು, ಒಂದು ನಾಯಿಯ ಸರಪಳಿಯಿಂದ ತುಂಬಿದರು. ನೆಲಿದಾ ಷಟರಿನ ಮುಂದೆ ನಿಂತಳು. ತಂತಿಯ ಬಳೆ ಅವಳ ಬೆನ್ನಿಗೆ ಒತ್ತುತ್ತಿತ್ತು. ಪತ್ರಿಕೆಯಲ್ಲಿ ಫೋಟೊ ಬಂತು, ಸಹಿಗಳು ಹೋಗಿ ಪಾಲಿಕೆಯ ಮೇಜಿನ ಮೇಲೆ ಕೂತವು, ವರ್ಷ ಕಳೆಯುವುದರೊಳಗೆ ಆ ಕಟ್ಟಡವನ್ನು ಕೆಡವಕೂಡದು ಎಂದು ಕಾನೂನಾಯಿತು. ಕಟ್ಟಡದ ಕಂಪನಿಯವರು ಎದ್ದು ಹೋದರು. ಮಾರಲೂ ಆಗದ, ಒಡೆಯಲೂ ಆಗದ ನಾಲ್ಕು ಗೋಡೆ ಸಾಂತಿಲ್ಲಿಯ ಕೊರಳಿಗೆ ಬಿದ್ದಿತು. ಬಡಾವಣೆಯವರು ಬೀದಿಯಲ್ಲಿ ಡೋಲು ಬಡಿದು ಕುಣಿದರು. ನೆಲಿದಾ ಮನೆಗೆ ಹೋಗಿ, ಬಾಗಿಲ ಹಿಂದೆ ಒರಗಿಸಿಟ್ಟಿದ್ದ ಎವಾರಿಸ್ತೊನ ಕುರ್ಚಿಯ ಧೂಳು ಒರೆಸಿದಳು.

ಬೀಗ ಮುರಿದು ಒಳಗೆ ಹೋದ ದಿನ ಮೊದಲು ಕ್ಯಾಬಿನ್ನಿಗೆ ಹತ್ತಿದವಳು ಅವಳೇ. ಮೊಳೆಗೆ ನೇತುಹಾಕಿದ ಸ್ವೆಟರು ಹಾಗೇ ಇತ್ತು, ಹುಳ ತಿಂದು ಉಳಿದಷ್ಟು. ಕಿಟಕಿಯ ಕಟ್ಟೆಯ ಮೇಲೆ ಅವನ ಮಾಟೆಯ ಬುರುಡೆ. ಒಳಗಿನ ಸೊಪ್ಪು ಕಲ್ಲಾಗಿತ್ತು. ಎವಾರಿಸ್ತೊ ಶುಚಿಯ ಮನುಷ್ಯ. ಊರಿಗೆ ಹೋಗುವುದಿದ್ದರೆ ಬುರುಡೆ ತೊಳೆದು ಬೋರಲು ಇಟ್ಟು ಹೋಗುವವನು. ತೊಳೆಯದೆ ಬಿಟ್ಟಿದ್ದನೆಂದರೆ ಮರುದಿನವೇ ಬರುವವನಿದ್ದ. ಮುಚ್ಚುವ ಹಿಂದಿನ ಆ ಭಾನುವಾರ ಮನೆಗೆ ಹೊರಟಾಗ ಅವನಿಗೆ ಹದಿನೈದು ದಿನದ ಸುಳ್ಳನ್ನೂ ಯಾರೂ ಹೇಳಿರಲಿಲ್ಲ. ನೆಲಿದಾ ಬುರುಡೆಯನ್ನು ಕೈಯಲ್ಲಿ ಹಿಡಿದು ಅಲ್ಲೇ ನಿಂತಳು. ಅಳು ಬರಲಿಲ್ಲ. ಹಲ್ಲು ಹಲ್ಲಿಗೆ ಕಚ್ಚಿ ದವಡೆ ನೋಯುತ್ತಿತ್ತು.

ಕೆಳಗೆ ಅವಳ ಗೂಡಿನಲ್ಲಿ ಟಾರ್ಚು ಸಿಕ್ಕಿತು. ಸೆಲ್ಲು ಕೊಳೆತು ಒಳಗೆಲ್ಲ ಹಸಿರು ಕಿಲುಬು. ಕೆಸೆಲ್ಮನ್ ಅದನ್ನು ಮನೆಗೊಯ್ದು, ಹಲ್ಲು ಕೆರೆಯುವ ತನ್ನ ಹಳೆಯ ಕಡ್ಡಿಗಳಿಂದ ವಿನೆಗರ್ ಹಾಕಿ ಮೂರು ದಿನ ಕೆರೆದ. "ನನ್ನ ಜೀವಮಾನದಲ್ಲೇ ಇಷ್ಟು ಹುಳುಕು ನೋಡಿಲ್ಲ," ಎನ್ನುತ್ತ ತಂದುಕೊಟ್ಟ. ಗುಂಡಿ ಒತ್ತಿದಳು. ಹತ್ತಿತು.

ಆಮೇಲೆ ಬಂದದ್ದು ದೊನ್ ಫುಲ್ವಿಯೊನ ಕಾಗದ.

ಅದನ್ನು ಮಿರ್ತಾ ಸಭೆಯಲ್ಲಿ ಗಟ್ಟಿಯಾಗಿ ಓದಿದಳು. ನನಗೆ ಎಂಬತ್ತನಾಲ್ಕು ವರ್ಷ. ಕಟ್ಟಡವನ್ನು ಇಪ್ಪತ್ತು ವರ್ಷದ ಮಟ್ಟಿಗೆ ಬಡಾವಣೆಯವರಿಗೆ ಬಿಟ್ಟುಕೊಡುತ್ತೇನೆ. ಒಂದೇ ಆಸೆ. ಮೊದಲ ಆಟದ ದಿನ ನಾನು ಬರುತ್ತೇನೆ, ಇಂಟರ್ವಲ್‌ನಲ್ಲಿ ವೇದಿಕೆಯ ಮೇಲೆ ಸಹಿ ಹಾಕುತ್ತೇನೆ. ನನ್ನ ಹಳೆಯ ಸೀಟು ಇರಲಿ. ಸೀಟು ತೋರಿಸುತ್ತಿದ್ದ ಹೆಂಗಸು ಬದುಕಿದ್ದರೆ ಅವಳೇ ನನ್ನನ್ನು ಕರೆದೊಯ್ಯಲಿ.

ಸಹಿ ಇಲ್ಲದಿದ್ದರೆ ಮೂರು ವರ್ಷದ ಕೆಲಸ, ಬಣ್ಣ, ಹೊಲಿಗೆ, ಸೀಟು, ಎಲ್ಲವೂ ಬೇರೆಯವನ ಮನೆಗೆ ಸುಣ್ಣ ಹೊಡೆದ ಹಾಗೆ. ಎಲ್ಲರೂ ನೆಲಿದಾಳ ಕಡೆ ನೋಡಿ, ನೋಡದವರ ಹಾಗೆ ಚಾವಣಿ ನೋಡಿದರು.

"ನಿನಗೆ ಆಗಲ್ಲ ಅಂದ್ರೆ ಬೇಡ ಅಂತ ಬರೀತೀವಿ ಕಣೇ," ಎಂದಳು ಮಿರ್ತಾ. ದನಿ ಮಾತ್ರ ಬೇರೆಯದನ್ನೇ ಬೇಡುತ್ತಿತ್ತು.

"ಬರಲಿ," ಎಂದಳು ನೆಲಿದಾ. "ನಾನೇ ಕರ್ಕೊಂಡು ಹೋಗ್ತೀನಿ. ಆದ್ರೆ ಸಹಿ ಇಂಟರ್ವಲ್‌ನಲ್ಲಿ ಬೇಡ. ಬಾಗಿಲಲ್ಲಿ. ಒಳಗೆ ಕಾಲಿಡೋ ಮುಂಚೆ."

ಕೈ ಎತ್ತಿಸಿದರು. ಒಂದೂ ಕೈ ಕೆಳಗಿರಲಿಲ್ಲ. ಹೊರಡುವಾಗ ಕೆಸೆಲ್ಮನ್ ಅವಳ ಪಕ್ಕಕ್ಕೆ ಬಂದ.

"ದೊಡ್ಡ ಮನಸ್ಸು ನಿಮ್ಮದು ನೆಲಿ."

"ಹೌದಾ?"

"ಇಲ್ಲ ಅಂತ ನನಗೂ ಅನುಮಾನ. ಅದಕ್ಕೇ ಹೇಳಿ ನೋಡಿದೆ."

ಶನಿವಾರ ಬಿಸಿಲು ಹದವಾಗಿತ್ತು. ಏಪ್ರಿಲ್ಲಿನ ಗಾಳಿಗೆ ಮರದ ಎಲೆಗಳು ಒಂದೊಂದಾಗಿ ಉದುರುತ್ತಿದ್ದವು. ನೆಲಿದಾ ಕೋಟಿನ ಹೊಲಿಗೆ ಬಿಡಿಸಿ ಅಗಲ ಮಾಡಿಕೊಂಡಿದ್ದಳು, ಹಿತ್ತಾಳೆ ಗುಂಡಿ ಉಜ್ಜಿದ್ದಳು. ಎರಡೂವರೆಗೆ ಎವಾರಿಸ್ತೊನ ಕುರ್ಚಿಯನ್ನು ಎದುರಿನ ಫುಟ್‌ಪಾತಿಗೆ ಒಯ್ದು, ಅವನು ಹಾಕುತ್ತಿದ್ದ ಜಾಗದಲ್ಲೇ ಬಿಚ್ಚಿಟ್ಟಳು. ಮರದ ಕಾಂಡಕ್ಕೆ ಹಳೆಯ ಹಲಗೆಯನ್ನು ತೂಗುಹಾಕಿದಳು. ಷಟರಿನಿಂದ ಇಳಿಸಿ ಜೋಪಾನ ಮಾಡಿದ್ದ ಅದೇ ಹಲಗೆ.

ಟ್ಯಾಕ್ಸಿಯಿಂದ ದೊನ್ ಫುಲ್ವಿಯೊ ಒಬ್ಬನೇ ಇಳಿದ. ಊರುಗೋಲು, ಬೂದು ಬಣ್ಣದ ಸೂಟು, ಒಳಗೆ ಮೈ ಕರಗಿಹೋಗಿತ್ತು. ಅವಳ ಕೋಟನ್ನು ನೋಡಿದ.

"ನೆಲಿದಾ."

"ರಿಪೇರಿ ನಡೀತಿದೆ ದೊನ್ ಫುಲ್ವಿಯೊ," ಎಂದಳು. "ಹದಿನೈದು ನಿಮಿಷ. ಕೂತ್ಕೊಂಡಿರಿ."

ಅವನು ಹಲಗೆ ಓದಿದ. ಕುರ್ಚಿ ನೋಡಿದ. ಮತ್ತೆ ಹಲಗೆ ಓದಿದ. ಆಮೇಲೆ ಊರುಗೋಲಿಗೆ ಭಾರ ಬಿಟ್ಟು ನಿಧಾನವಾಗಿ ಕೂತ.

ನೆಲಿದಾ ರಸ್ತೆ ದಾಟಿ ಟಾಕೀಸಿನ ಬಾಗಿಲಲ್ಲಿ ನಿಂತು ನೋಡತೊಡಗಿದಳು. ಈ ನೋಟಕ್ಕಾಗಿ ಎಷ್ಟು ವರ್ಷ ಕಾದಿದ್ದಳು! ಮುಚ್ಚಿದ ಬಾಗಿಲಿನ ಎದುರು ಅವನು ಕೂರಬೇಕು. ಗಡಿಯಾರ ನೋಡಬೇಕು. ಎದ್ದು ನಿಲ್ಲಬೇಕು, ಮತ್ತೆ ಕೂರಬೇಕು. ಕರೆಯುತ್ತಾರೆ, ಈಗ ಕರೆಯುತ್ತಾರೆ ಎಂದು ಕೊರಳು ಉದ್ದ ಮಾಡಬೇಕು.

ಆದದ್ದೇ ಬೇರೆ. ಬೇಕರಿಯ ಹೆಂಗಸು ಓಡಿಬಂದು ಅವನಿಗೆ ಮಾಟೆಯನ್ನೂ ಅರ್ಧಚಂದ್ರದ ಬನ್ನನ್ನೂ ಕೊಟ್ಟಳು. ಯಾರೋ ಮುದುಕಿ, "ದೊನ್ ಫುಲ್ವಿಯೊ, ಅಯ್ಯೋ, ಇನ್ನೂ ಹಾಗೇ ಇದ್ದೀರಲ್ಲ!" ಎಂದು ಕೆನ್ನೆಗೆ ಮುತ್ತಿಟ್ಟಳು. ಪತ್ರಿಕೆಯವನು ಫೋಟೊ ಹೊಡೆದ. "ಒಳ್ಳೇ ಕೆಲಸ ಮಾಡಿದ್ರಿ ಸ್ವಾಮಿ," ಎಂದು ಯಾರೋ ಕೈಕುಲುಕಿದರು. ಬಿಸಿಲಿಗೆ ಕಾಲು ಚಾಚಿ, ಬನ್ನಿನ ಪುಡಿಯನ್ನು ಪಾರಿವಾಳಗಳಿಗೆ ಎಸೆಯುತ್ತ, ದೊನ್ ಫುಲ್ವಿಯೊ ನಗುತ್ತಿದ್ದ. ಎವಾರಿಸ್ತೊ ಮೂರೂವರೆ ವರ್ಷ ಸವೆದ ಕುರ್ಚಿಯಲ್ಲಿ ಅವನು ಕಾಯಲಿಲ್ಲ, ಸುಮ್ಮನೆ ಕೂತಿದ್ದ. ಪಾತ್ರೆ ಬಡಿದದ್ದು ಬೇರೆಯವನ ಬಾಗಿಲಿಗೆ. ಕುರ್ಚಿ ಹಾಕಿದ್ದು ಇವನ ಹಬ್ಬಕ್ಕೆ.

ಮೂರನೇ ಗಂಟೆ ಹೊಡೆಯಿತು. ಜನ ಒಳಗೆ ನುಗ್ಗಿದರು, ರಸ್ತೆ ಬರಿದಾಯಿತು. ಸಹಿಯ ಸಾಕ್ಷಿಗೆ ಬಂದಿದ್ದ ನೋಟರಿ ಫೈಲು ಹಿಡಿದು ಚಡಪಡಿಸಿದ. "ಸೆನ್ಯೋರಾ, ನನಗೂ ಸಿನಿಮಾ ನೋಡೋದಿದೆ ಕಣ್ರೀ. ಹೌಸ್‌ಫುಲ್ ಬೇರೆ." ಅವಳ ಅಪ್ಪಣೆಗೆ ಕಾಯದೆ ರಸ್ತೆ ದಾಟಿದ, ಮಿರ್ತಾ ಹಿಂದೆಯೇ ಓಡಿದಳು. ದೊನ್ ಫುಲ್ವಿಯೊ ಕಾಗದವನ್ನು ಮೊಣಕಾಲ ಮೇಲಿಟ್ಟುಕೊಂಡು ಓದದೆಯೇ ಸಹಿ ಮಾಡಿದ. ಮಿರ್ತಾ ಕಾಗದವನ್ನು ಎದೆಗವುಚಿಕೊಂಡು, ಅಳುತ್ತ ನಗುತ್ತ, ನೆಲಿದಾಳ ಕೆನ್ನೆಗೆ ಮುತ್ತಿಟ್ಟು ಒಳಗೆ ಓಡಿದಳು. ಟಾಕೀಸು ಅವರದಾಯಿತು.

ಬೀದಿಯಲ್ಲಿ ಇಬ್ಬರೇ ಉಳಿದರು.

"ಈಗ ಹೋಗೋಣವಾ?" ಎಂದ ದೊನ್ ಫುಲ್ವಿಯೊ. "ಹಳೇ ಕಾಲದ ಹಾಗೆ. ದೀಪ ಆರಿರಬೇಕು, ಅಲ್ವಾ?"

"ಆರಿದೆ," ಎಂದಳು.

ಮಖಮಲ್ಲಿನ ತೆರೆ ಸರಿಸಿದಾಗ ಒಳಗಿನ ಕತ್ತಲು ಮುಖಕ್ಕೆ ಬಂದು ತಾಗಿತು. ಪರದೆಯ ಮೇಲೆ ಹಳೆಯ ಕಪ್ಪುಬಿಳುಪಿನ ಹಾಸ್ಯಚಿತ್ರ. ನಾನೂರು ಜನ ಒಟ್ಟಿಗೆ ನಕ್ಕರು, ನಗು ಚಾವಣಿಗೆ ಹೋಗಿ ಇಳಿಯಿತು. ನೆಲಿದಾ ಟಾರ್ಚನ್ನು ಬೆನ್ನ ಹಿಂದೆ ಹಿಡಿದು ಮುಂದೆ ನಡೆದಳು. ಬೆಳಕಿನ ಬಿಲ್ಲೆ ಅವನ ಷೂಗಳ ಮುಂದೆ ಬಿತ್ತು. ಊರುಗೋಲು ನೆಲಹಾಸಿನ ಮೇಲೆ ಮೆತ್ತಗೆ ಊರುತ್ತಿತ್ತು. ಅವಳ ಪಾದಗಳು ಏನನ್ನೂ ಮರೆತಿರಲಿಲ್ಲ. ಇಳಿಜಾರು, ಮೆಟ್ಟಿಲು, ಮತ್ತೆ ಇಳಿಜಾರು. ಇಪ್ಪತ್ತನೇ ಸಾಲು. ಹದಿನೇಳು. ಹದಿನಾಲ್ಕು.

"ಅದು ನಿನ್ನಣ್ಣನ ಕುರ್ಚಿ," ಎಂದಿತು ಹಿಂದಿನಿಂದ ಅವನ ದನಿ, ಪಿಸುಮಾತಿನಲ್ಲಿ. "ನನಗೆ ಗೊತ್ತಾಯ್ತು. ಆಗ ಕಾರಿನಲ್ಲಿ ಆ ಕಡೆ ಹೋಗುವಾಗ ಅವನು ಕೂತಿರೋದನ್ನ ನೋಡಿದ್ದೆ."

ಅವಳು ನಡೆಯುತ್ತಲೇ ಇದ್ದಳು. ಹದಿಮೂರು.

"ಸೀಟಿಗೆ ಅಂತ ಬಂದಿಲ್ಲ ನಾನು. ನಿನ್ನ ಹತ್ರ ಒಂದು ಮಾತು ಹೇಳ್ಬೇಕು ಅಂತ ಬಂದೆ. ಅವನು ನನ್ನ ಮನೆಗೆ ಬಂದಿದ್ದ ನೆಲಿದಾ."

ಹನ್ನೊಂದನೇ ಸಾಲಿನಲ್ಲಿ ಅವಳ ಕಾಲು ನಿಂತಿತು. ಇದು ಅವಳಿಗೆ ಗೊತ್ತಿರಲಿಲ್ಲ. ಎವಾರಿಸ್ತೊ ಹೇಳಿರಲಿಲ್ಲ.

"ಮೊದಲನೇ ವರ್ಷ, ಜೂನ್ ತಿಂಗಳು. ಬಾಗಿಲಲ್ಲೇ ನಿಂತಿದ್ದ, ಟೋಪಿ ಕೈಯಲ್ಲಿ ಹಿಡ್ಕೊಂಡು. ನಿಜ ಹೇಳಿ ದೊನ್ ಫುಲ್ವಿಯೊ, ಬೇರೆ ಟಾಕೀಸಿನವರು ಇನ್ನೊಂದು ಸಲ ಕರೀತಿದ್ದಾರೆ, ಹೋಗ್ಲಾ ಇರ್ಲಾ ಅಂದ." ಮುದುಕ ಉಸಿರೆಳೆದುಕೊಂಡ. "ಮುಚ್ಚಿದ ದಿನವೇ ನನಗೆ ಗೊತ್ತಿತ್ತು, ಇನ್ನು ತೆರೆಯಲ್ಲ ಅಂತ. ಆದ್ರೂ ಅವನ ಮುಖ ನೋಡಿ... ಈ ಮಾತು ನನ್ನ ಹೆಂಡತಿಗೂ ಹೇಳಿಲ್ಲ. ಇಪ್ಪತ್ತೆಂಟು ವರ್ಷ ಎದೆ ಮೇಲೆ ಚಪ್ಪಡಿ ಹೇರಿದ ಹಾಗಿದೆ. ನಿನಗೆ ಒಬ್ಬಳಿಗೆ ಹೇಳಿಬಿಟ್ರೆ ನಾನು ನೆಮ್ಮದಿಯಾಗಿ..."

ಸಭಾಂಗಣ ಮತ್ತೆ ನಕ್ಕಿತು. ಆ ನಗುವಿನ ನಡುವೆ ನೆಲಿದಾಳಿಗೆ ಎಲ್ಲ ತಿಳಿಯಿತು. ಹಗುರಾಗಲು ಬಂದಿದ್ದಾನೆ. ಹೊತ್ತದ್ದನ್ನು ಈ ಹನ್ನೊಂದನೇ ಸಾಲಿನಲ್ಲಿ ತನ್ನ ಕೈಗೆ ಇಳಿಸಿ, ಇನ್ನೆರಡು ಸಾಲು ಮುಂದೆ ಹೋಗಿ, ತನ್ನ ಸೀಟಿನಲ್ಲಿ ಕೂತು, ಎಲ್ಲರ ಜೊತೆ ನಗುತ್ತಾನೆ. ಆ ಸೀಟು ಸರಿಯಾಗೇ ಇದೆ. ಕೇಳಲು ಅವಳಿಗೂ ಆಸೆಯಿತ್ತು. ಅಣ್ಣ ಆ ಬಾಗಿಲಲ್ಲಿ ಹೇಗೆ ನಿಂತಿದ್ದ, ಏನು ಕೇಳಿಸಿಕೊಂಡು ಮರಳಿದ, ಆ ಸಂಜೆ ಮನೆಗೆ ಬಂದು ಏನೂ ಆಗದವನ ಹಾಗೆ ಹೇಗೆ ಸೂಪು ಕುಡಿದ. ಅದನ್ನು ತಿಳಿದವನು ಲೋಕದಲ್ಲಿ ಇವನೊಬ್ಬನೇ. ಇನ್ನು ನಾಲ್ಕು ಮಾತು ಕೇಳಿದರೆ ಅದು ಅವಳದಾಗುತ್ತಿತ್ತು. ಅದರ ಜೊತೆ ಅವನ ನೆಮ್ಮದಿಯೂ ಅವನದಾಗುತ್ತಿತ್ತು.

ಪರದೆಯ ಮೇಲೆ ಯಾರೋ ದೀಪ ಆರಿಸಿದರು, ಕೋಣೆ ಕಪ್ಪಾಯಿತು. ನೆಲಿದಾಳ ಹೆಬ್ಬೆರಳು ಟಾರ್ಚಿನ ಗುಂಡಿಯನ್ನು ಒತ್ತಿತು.

ಅವನ ಷೂಗಳ ಮುಂದಿನ ಬಿಲ್ಲೆ ಇಲ್ಲವಾಯಿತು.

"ನೆಲಿದಾ, ಲೈಟು," ಎಂದ ದೊನ್ ಫುಲ್ವಿಯೊ, ಹಳೆಯ ಅಭ್ಯಾಸದ ದನಿಯಲ್ಲಿ. ಊರುಗೋಲು ತಡಕಾಡಿತು, ಕೈ ಯಾವುದೋ ಸೀಟಿನ ಬೆನ್ನನ್ನು ಹಿಡಿಯಿತು. "ಇರಲಿ, ನಿಂತೇ ಹೇಳ್ತೀನಿ. ಅವನಿಗೆ ನಾನು ಏನಂದೆ ಅಂದ್ರೆ..."

ಅವಳು ತಿರುಗಿದ್ದಳು. ಅವನ ತೋಳಿಗೆ ತೋಳು ತಾಗದ ಹಾಗೆ ಪಕ್ಕದಿಂದ ಸರಿದು ಏರಿನ ಕಡೆ ನಡೆಯುತ್ತಿದ್ದಳು. ಅವಳಿಗೆ ಬೆಳಕು ಬೇಕಿರಲಿಲ್ಲ.

"...ಹೋಗ್ಬೇಡ ಎವಾರಿಸ್ತೊ ಅಂದೆ, ಇನ್ನೊಂದು... ನೆಲಿದಾ? ಕೇಳ್ತಾ ಇದ್ದೀಯಾ?"

"ಶ್! ಕೂತ್ಕೊಳ್ರೀ ಅಲ್ಲಿ!" ಎಂದು ಕತ್ತಲಿನಿಂದ ಯಾರೋ ಗದರಿದರು.

"ನೆಲಿದಾ?"

ಹದಿಮೂರು. ಹದಿನಾಲ್ಕು. ಮೆಟ್ಟಿಲು. ಬಾಗಿಲಲ್ಲಿ ತಡವಾಗಿ ಬಂದವರು ಯಾರೋ ತೆರೆ ಸರಿಸಿ, ಕಣ್ಣು ಕಾಣದೆ ನಿಂತಿದ್ದರು. ನೆಲಿದಾ ಅವರ ಕಡೆಗೆ ನಡೆದಳು.